ಹಾಲೂ ನಿದ್ರೆಯೂ: ಮಲೆನಾಡಿನ ಬಾಳಂತಿಯ ಕೋಣೆಯಲ್ಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಬಾಳಂತಿಯನ್ನು ನೋಡಲು ಬಂದ ಹಿರಿಯ ಹೆಂಗಸರು, ಮಗುವಿನ ಮೂಗು ಯಾರದು, ಬಣ್ಣ ಯಾವ ಕಡೆಯದು ಎಂಬ ಮಾತುಗಳೆಲ್ಲ ಮುಗಿದ ಮೇಲೆ, ತಪ್ಪದೆ ಕೇಳುವ ಪ್ರಶ್ನೆಗಳು ಎರಡು: ಹಾಲು ಸಾಕಾಗುತ್ತದೆಯೆ, ರಾತ್ರಿ ಮಲಗುತ್ತದೆಯೆ. ಕೇಳುವವರ ಮನಸ್ಸಿನಲ್ಲಿ ಇವೆರಡೂ ಬೇರೆಬೇರೆಯಲ್ಲ. ಎರಡನೆಯದಕ್ಕೆ ಇಲ್ಲವೆಂಬ ಉತ್ತರ ಬಂದರೆ ಮೊದಲನೆಯದಕ್ಕೂ ಇಲ್ಲವೆಂದೇ ಅವರು ತೀರ್ಮಾನಿಸುತ್ತಾರೆ. ‘ಹಾಲು ಸಾಲ್ತಿಲ್ಲೆ ಕಾಣ್ತು’ ಎಂಬ ಆ ಒಂದು ಮಾತು, ಆಡಿದವರಿಗೆ ಅನುಕಂಪದ ಮಾತೇ ಆಗಿದ್ದರೂ, ಮೂರು ವಾರಗಳಿಂದ ತುಂಡುನಿದ್ರೆಯಲ್ಲಿ ಬಳಲಿ, ತನ್ನ ದೇಹದ ಶಕ್ತಿಯ ಮೇಲೆಯೇ ಸಂಶಯ ತಾಳತೊಡಗಿದ ಎಳೆಯ ತಾಯಿಯ ಕಿವಿಗೆ ತೀರ್ಪಿನಂತೆ ಬೀಳುತ್ತದೆ. ಆಮೇಲೆ ನೀರು ಬೆರೆಸಿದ ಆಕಳ ಹಾಲು, ಡಬ್ಬದ ಪುಡಿ, ಮೂರನೆಯ ತಿಂಗಳಿಗೇ ಅಕ್ಕಿಹಿಟ್ಟಿನ ಮಣ್ಣಿ, ಇಲ್ಲವೆ ತೇಯ್ದ ಜಾಯಿಕಾಯಿ, ಒಂದರ ಹಿಂದೊಂದು ಕೋಣೆಯನ್ನು ಪ್ರವೇಶಿಸುತ್ತವೆ. ಇಷ್ಟೆಲ್ಲಕ್ಕೂ ಮೂಲವಾದ ಆ ಅನುಮಾನ, ಎಂದರೆ ಮಗು ಇರುಳಲ್ಲಿ ಎಚ್ಚರಗೊಳ್ಳುವುದು ಹಾಲಿನ ಕೊರತೆಗೆ ಪ್ರಮಾಣವೆಂಬ ಅನುಮಾನ, ನಿಜವೆ ಎಂಬುದನ್ನು ಸಾವಧಾನವಾಗಿ ಪರೀಕ್ಷಿಸಬೇಕಾಗಿದೆ.

ನವಜಾತ ಶಿಶುವು ಅಹೋರಾತ್ರಿಗಳ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸಾಮಾನ್ಯವಾಗಿ ೧೪ರಿಂದ ೧೭ ಗಂಟೆಗಳಷ್ಟು ನಿದ್ರಿಸುತ್ತದೆ. ನಿದ್ರೆಯ ಮೊತ್ತಕ್ಕೆ ಕೊರತೆಯಿಲ್ಲ. ಅದರ ಹಂಚಿಕೆ ಮಾತ್ರ ದೊಡ್ಡವರ ದಿನಚರಿಗೆ ಒಗ್ಗುವಂಥದಲ್ಲ. ನಮ್ಮ ನಿದ್ರೆಯ ಒಂದು ಆವರ್ತ ಸುಮಾರು ೯೦ ನಿಮಿಷವಾದರೆ ಶಿಶುವಿನದು ೫೦–೬೦ ನಿಮಿಷ. ಆ ಅಲ್ಪಾವಧಿಯಲ್ಲಿಯೂ ಅರ್ಧದಷ್ಟು ಕಾಲ ರೆಪ್ಪೆಯ ಕೆಳಗೆ ಕಣ್ಣಾಲಿಗಳು ಚಲಿಸುತ್ತಿರುವ, ಕೈಕಾಲು ಅದುರುವ, ಉಸಿರು ಏರುಪೇರಾಗುವ ಚಂಚಲ ನಿದ್ರೆಯೇ ಆಗಿರುತ್ತದೆ. ಈ ಬಗೆಯ ನಿದ್ರೆಯೊಂದು ಉಂಟೆಂಬುದು ಶಾಸ್ತ್ರಲೋಕಕ್ಕೆ ತಿಳಿದುಬಂದದ್ದಕ್ಕೂ ಶಿಶುಗಳೇ ನಿಮಿತ್ತ. ಚಿಕಾಗೊ ವಿಶ್ವವಿದ್ಯಾಲಯದಲ್ಲಿ ನಥಾನಿಯಲ್ ಕ್ಲೈಟ್ಮನ್ನರು ತಮ್ಮ ಶಿಷ್ಯ ಯೂಜಿನ್ ಅಸೆರಿನ್ಸ್ಕಿಗೆ ಮಲಗಿದ ಹಸುಗೂಸುಗಳ ಕಣ್ಣುಗಳನ್ನು ನೋಡುತ್ತ ಕೂರುವ ಕೆಲಸವನ್ನು ಒಪ್ಪಿಸಿದರು. ಆ ನಿರೀಕ್ಷಣೆಯೇ ಬೆಳೆದು ೧೯೫೩ರಲ್ಲಿ ಕಣ್ಣಾಲಿ ಚಲಿಸುವ ನಿದ್ರೆಯ ಶೋಧವಾಗಿ ಪ್ರಕಟವಾಯಿತು. ನಿದ್ದೆಯಲ್ಲಿ ಮಗು ನಕ್ಕರೆ ದೇವರು ಆಡಿಸುತ್ತಿದ್ದಾನೆಂದು ನಮ್ಮ ಹಿರಿಯರು ಹೇಳುತ್ತಿದ್ದರಷ್ಟೆ. ಆ ನಗು ಈ ಹಂತದ್ದೇ. ಅದೇ ಹಂತದಲ್ಲಿ ಮಗು ನರಳುವುದೂ ಉಂಟು, ಮುಖ ಕಿವುಚುವುದೂ ಉಂಟು. ಎಚ್ಚರವಾಯಿತೆಂದು ಭ್ರಮಿಸಿ ಆ ಕ್ಷಣವೇ ಎತ್ತಿಕೊಂಡರೆ, ತಾನಾಗಿಯೇ ಮುಂದಿನ ನಿದ್ರೆಗೆ ಜಾರಬಹುದಾಗಿದ್ದ ಮಗುವನ್ನು ನಾವೇ ಎಬ್ಬಿಸಿದಂತಾಗುತ್ತದೆ.

ಇನ್ನು ಹಗಲಿರುಳುಗಳ ವಿವೇಕ. ಗರ್ಭದಲ್ಲಿದ್ದಾಗ ತಾಯಿಯ ರಕ್ತದಿಂದ ಬರುವ ಮೆಲಟೊನಿನ್ ಎಂಬ ಸ್ರಾವವು ಮಗುವಿಗೆ ಇರುಳನ್ನು ಅರುಹುತ್ತದೆ. ಹುಟ್ಟಿದ ಮೇಲೆ ಆ ಸಂದೇಶ ನಿಂತುಹೋಗಿ, ಮಗುವಿನದೇ ಆದ ಲಯ ಮೂಡಲು ಎರಡು ಮೂರು ತಿಂಗಳುಗಳು ಹಿಡಿಯುತ್ತವೆ. ಈ ನಡುವಣ ಅಂತರವನ್ನು ಪ್ರಕೃತಿ ಪೂರ್ತಿ ಬರಿದಾಗಿ ಬಿಟ್ಟಿಲ್ಲವೆಂಬುದು ಚೋದ್ಯದ ಸಂಗತಿ: ತಾಯಿಯ ಇರುಳಿನ ಹಾಲಿನಲ್ಲಿ ಮೆಲಟೊನಿನ್ ಇರುತ್ತದೆ, ಹಗಲಿನ ಹಾಲಿನಲ್ಲಿ ಅದು ಕಾಣಿಸುವುದೇ ಇಲ್ಲ. ಹಾಲನ್ನು ಉತ್ಪಾದಿಸಲು ಪ್ರೇರಿಸುವ ಪ್ರೊಲ್ಯಾಕ್ಟಿನ್ ಎಂಬ ಸ್ರಾವವೂ ತಾಯಿಯ ದೇಹದಲ್ಲಿ ಉಚ್ಚಮಟ್ಟಕ್ಕೆ ಏರುವುದು ರಾತ್ರಿಯ ನಿದ್ರೆಯಲ್ಲಿಯೇ. ಆದ್ದರಿಂದ, ತಾಯಿಗೆ ವಿಶ್ರಾಂತಿಯಾಗಲೆಂದು ಮೊದಲ ವಾರಗಳಲ್ಲಿಯೇ ರಾತ್ರಿಯ ಮೊಲೆಯೂಡಿಕೆಯನ್ನು ತಪ್ಪಿಸಿ ಬಾಟಲಿ ಹಿಡಿಸಿದರೆ, ಹಾಲು ಹೆಚ್ಚಬೇಕಾದ ಹೊತ್ತಿನಲ್ಲಿಯೇ ಅದಕ್ಕೆ ಬೇಡಿಕೆ ಇಲ್ಲವೆಂದು ದೇಹಕ್ಕೆ ತಿಳಿಸಿದಂತಾಗಿ, ಹಾಲು ಸಾಲದೆಂಬ ಸುಳ್ಳು ಕೆಲವು ದಿನಗಳಲ್ಲಿ ನಿಜವಾಗಿ ಪರಿಣಮಿಸುತ್ತದೆ.

ಮಗು ಇಷ್ಟು ಬೇಗ ಬೇಗ ಏಕೆ ಹಸಿಯುತ್ತದೆಂಬುದಕ್ಕೆ ಉತ್ತರವನ್ನು ನಮ್ಮ ಕಾಡಿನಲ್ಲಿಯೇ ಹುಡುಕಬಹುದು. ಮೊಲದ ಜಾತಿಯ ಪ್ರಾಣಿಗಳಲ್ಲಿ ತಾಯಿಯು ಮರಿಗಳನ್ನು ಅಡಗಿಸಿಟ್ಟು ಹೋಗುತ್ತದೆ. ಹಾಲು ಕೊಡಲು ಬರುವುದು ದಿನಕ್ಕೊಂದು ಸಲ. ಅದಕ್ಕೆ ತಕ್ಕಂತೆ ಆ ಹಾಲು ಕೊಬ್ಬಿನಿಂದಲೂ ಸಸಾರಜನಕದಿಂದಲೂ ಗಟ್ಟಿಯಾದದ್ದು. ಸಿದ್ದಾಪುರದ ಕತ್ತಲೆಕಾನು, ಉಂಚಳ್ಳಿಗಳ ಆಸುಪಾಸಿನಲ್ಲಿ, ೨೦೧೧ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲ್ಪಟ್ಟ ಕಾಡುಗಳಲ್ಲಿ ವಾಸಿಸುವ ಸಿಂಗಳೀಕದ ರೀತಿ ಬೇರೆ. ಅದರ ಮರಿ ಹಗಲೂ ಇರುಳೂ ತಾಯಿಯ ಎದೆಗೆ ಅಂಟಿಕೊಂಡೇ ಇರುತ್ತದೆ, ಬೇಕಾದಾಗಲೆಲ್ಲ ಕುಡಿಯುತ್ತದೆ, ಹಾಲೂ ತೆಳುವು. ಮನುಷ್ಯನ ಹಾಲು ಈ ಎರಡನೆಯ ವರ್ಗಕ್ಕೆ ಸೇರಿದ್ದು. ಆಕಳ ಹಾಲಿನಲ್ಲಿ ನೂರಕ್ಕೆ ಮೂರಕ್ಕಿಂತ ಹೆಚ್ಚು ಸಸಾರಜನಕವಿದ್ದರೆ ತಾಯಿಯ ಹಾಲಿನಲ್ಲಿ ಇರುವುದು ಒಂದರಷ್ಟು. ಅದರಲ್ಲಿಯೂ ಜಠರದಲ್ಲಿ ಗಟ್ಟಿ ಮೊಸರಾಗುವ ಕೇಸಿನ್ ಅಂಶ ಆಕಳ ಹಾಲಿನಲ್ಲಿ ಐದರಲ್ಲಿ ನಾಲ್ಕು ಪಾಲಾದರೆ, ತಾಯಿಯ ಹಾಲಿನಲ್ಲಿ ಅರ್ಧಕ್ಕಿಂತ ಕಡಮೆ. ಕರು ಸುಮಾರು ಎರಡು ತಿಂಗಳಲ್ಲಿ ತನ್ನ ಹುಟ್ಟುತೂಕದ ಇಮ್ಮಡಿಯಾಗಬೇಕು. ನಮ್ಮ ಮಗುವಿಗೆ ಅದಕ್ಕೆ ಐದು ತಿಂಗಳ ಅವಕಾಶವಿದೆ. ತೆಳುವಾದ ಹಾಲು ಸುಲಭವಾಗಿ ಜೀರ್ಣವಾಗುತ್ತದೆ, ಜಠರ ಬೇಗ ಬರಿದಾಗುತ್ತದೆ, ದಿನಕ್ಕೆ ಎಂಟರಿಂದ ಹನ್ನೆರಡು ಸಲ ಮೊಲೆ ಬೇಕಾಗುತ್ತದೆ, ಆ ಸಲಗಳಲ್ಲಿ ಕೆಲವು ಇರುಳಿಗೆ ಬೀಳಲೇಬೇಕು. ಇದು ಕೊರತೆಯಲ್ಲ, ಈ ಜಾತಿಯ ಪ್ರಾಣಿಗೆ ವಿಧಿಸಿದ ಕ್ರಮ.

ಹಾಗಾದರೆ ಹೊಟ್ಟೆಯನ್ನು ಭಾರವಾದದ್ದರಿಂದ ತುಂಬಿಸಿದರೆ ಮಗು ಹೆಚ್ಚು ಹೊತ್ತು ಮಲಗಲಾರದೆ ಎಂಬ ಪ್ರಶ್ನೆ ಸಹಜ; ಅದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಅಮೇರಿಕದ ಕ್ಲೀವ್‌ಲೆಂಡಿನಲ್ಲಿ ನೂರಕ್ಕೂ ಮಿಕ್ಕಿದ ಶಿಶುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಐದನೆಯ ವಾರದಿಂದಲೂ ಇನ್ನೊಂದಕ್ಕೆ ನಾಲ್ಕನೆಯ ತಿಂಗಳಿಂದಲೂ ಮಲಗುವ ಮುಂಚೆ ಅಕ್ಕಿಯ ಹಿಟ್ಟನ್ನು ಬಾಟಲಿಯಲ್ಲಿ ಕೊಟ್ಟರು. ೧೯೮೯ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ರಾತ್ರಿಯ ನಿದ್ರೆಗೆ ಯಾವ ಅಂತರವೂ ಕಂಡುಬರಲಿಲ್ಲ. ಇದಕ್ಕೆ ಎದುರಾದ ಫಲಿತಾಂಶವನ್ನೂ ಹೇಳದಿದ್ದರೆ ಓದುಗರಿಗೆ ಅನ್ಯಾಯವಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ೧೩೦೩ ಮಕ್ಕಳ ಮೇಲೆ ನಡೆದು ೨೦೧೮ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರನೆಯ ತಿಂಗಳಿಂದಲೇ ಘನಾಹಾರ ಆರಂಭಿಸಿದ ಮಕ್ಕಳು ಆರನೆಯ ತಿಂಗಳ ಹೊತ್ತಿಗೆ ಉಳಿದವರಿಗಿಂತ ರಾತ್ರಿಯಲ್ಲಿ ಹದಿನಾರೂವರೆ ನಿಮಿಷಗಳಷ್ಟು ಹೆಚ್ಚು ಮಲಗಿದರು. ರಾತ್ರಿಯಲ್ಲಿ ಏಳುವುದು ಸರಾಸರಿ ಎರಡು ಸಲದಿಂದ ಒಂದೂಮುಕ್ಕಾಲಿಗೆ ಇಳಿಯಿತು. ಅಂತರವಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಕೊಳವೆಬಾವಿಯ ಇಲ್ಲವೆ ಹಳ್ಳದ ನೀರಿನಲ್ಲಿ ತೊಳೆದ ಬಟ್ಟಲು, ಮಳೆಗಾಲದ ನೊಣ, ಆಸ್ಪತ್ರೆಗೆ ಹೋಗಲು ಬಸ್ಸಿನ ದಾರಿ ಕಾಯಬೇಕಾದ ಸ್ಥಿತಿ, ಇವುಗಳ ನಡುವೆ ಬದುಕುವ ಹಳ್ಳಿಯ ಮನೆಯಲ್ಲಿ ಕಾಲು ಗಂಟೆಯ ನಿದ್ರೆಗಾಗಿ ಮೂರು ತಿಂಗಳ ಕೂಸಿಗೆ ವಾಂತಿಭೇದಿಯ ಅಪಾಯವನ್ನು ತಂದುಕೊಳ್ಳುವುದು ಲಾಭದ ವ್ಯಾಪಾರವಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೦೧ರಿಂದ ಹೇಳುತ್ತ ಬಂದಿದೆ. ಅನ್ನಪ್ರಾಶನವನ್ನು ಆರನೆಯ ತಿಂಗಳಿಗೆ ಹೇಳಿದ ಸುಶ್ರುತನ ಮತವೂ ಅದೇ. ಇನ್ನೊಂದು ಮಾತು: ಬಾಟಲಿ ಕೊಟ್ಟ ಮನೆಯವರು ಹೆಚ್ಚು ಮಲಗುತ್ತಾರೆಂಬ ನಂಬಿಕೆಯೂ ನಿಲ್ಲುವುದಿಲ್ಲ. ಮೂರು ತಿಂಗಳ ಮಕ್ಕಳ ತಂದೆತಾಯಿಗಳನ್ನು ಹೋಲಿಸಿದ ೨೦೦೭ರ ಒಂದು ಅಧ್ಯಯನದಲ್ಲಿ, ರಾತ್ರಿಯಲ್ಲಿ ಮೊಲೆಯೂಡುವ ಮನೆಯವರೇ ೪೦–೪೫ ನಿಮಿಷ ಹೆಚ್ಚು ಮಲಗಿದ್ದರು. ಎದ್ದು, ನೀರು ಕಾಸಿ, ಪುಡಿ ಕದಡಿ, ಆರಿಸಿ ಕೊಡುವವರಿಗೆ ಮತ್ತೆ ನಿದ್ರೆ ಹತ್ತುವುದು ತಡವೆಂಬುದನ್ನು ಊಹಿಸಲು ಅಧ್ಯಯನವೂ ಬೇಡ.

ಹಾಲು ಸಾಕಾಗುತ್ತದೆಯೆ ಎಂಬುದನ್ನು ನಿದ್ರೆಯಿಂದ ಅಳೆಯಲಾಗದಿದ್ದರೆ ಮತ್ತೆ ಯಾವುದರಿಂದ? ಮೊದಲ ದಿನಗಳಲ್ಲಿ ಮಗುವಿನ ತೂಕ ಕೊಂಚ ಇಳಿಯುತ್ತದೆ; ಎರಡು ವಾರಗಳೊಳಗೆ ಹುಟ್ಟುತೂಕಕ್ಕೆ ಮರಳಿ, ಮುಂದೆ ಏರುತ್ತ ಹೋಗಬೇಕು. ಐದನೆಯ ದಿನದ ನಂತರ ದಿನಕ್ಕೆ ಆರಾದರೂ ಬಟ್ಟೆ ಮೂತ್ರದಿಂದ ಒದ್ದೆಯಾಗಬೇಕು. ಅಂಗನವಾಡಿಯ ತಕ್ಕಡಿ ಮತ್ತು ಹಿತ್ತಲಿನ ತಂತಿಯ ಮೇಲಿನ ಬಟ್ಟೆಗಳು, ಇವೆರಡೂ ನೆರೆಮನೆಯವರ ಮಾತಿಗಿಂತ ನಂಬತಕ್ಕ ಸಾಕ್ಷಿಗಳು. ಸಂಜೆಯ ಹೊತ್ತಿಗೆ ಮಗು ಬಿಟ್ಟೂಬಿಡದೆ ಮೊಲೆ ಹುಡುಕುವುದನ್ನೂ, ಕಾರಣವಿಲ್ಲದೆ ಅಳುವುದನ್ನೂ ಕಂಡು ಗಾಬರಿಯಾಗುವವರು ಬಹಳ. ಬ್ರೆಜಲ್‌ಟನ್ ಎಂಬ ಅಮೇರಿಕದ ವೈದ್ಯರು ೧೯೬೨ರಲ್ಲಿಯೇ ಆರೋಗ್ಯವಂತ ಶಿಶುಗಳ ಅಳುವಿನ ಲೆಕ್ಕವಿಟ್ಟು, ಅದು ವಾರದಿಂದ ವಾರಕ್ಕೆ ಏರಿ ಆರನೆಯ ವಾರದ ಸುಮಾರಿಗೆ ಶಿಖರ ಮುಟ್ಟಿ, ಆಮೇಲೆ ತಾನೇ ಇಳಿಯುತ್ತದೆಂದು ತೋರಿಸಿದರು. ಆರನೆಯ ವಾರದಲ್ಲಿ ಕೊಡಲಾರಂಭಿಸಿದ ಯಾವ ಔಷಧವೂ, ಯಾವ ತಾಯಿತವೂ, ಯಾವ ಪುಡಿಹಾಲೂ ಎಂಟನೆಯ ವಾರದ ಶಾಂತಿಯ ಕೀರ್ತಿಯನ್ನು ತಾನು ಪಡೆದುಕೊಳ್ಳುವ ಬಗೆ ಇದರಿಂದ ಸ್ಪಷ್ಟವಾಗುತ್ತದೆ.

ನಿದ್ರೆಯನ್ನು ಮದ್ದಿನಿಂದ ತರುವ ವಿಷಯದಲ್ಲಿ ಮಾತ್ರ ಮೃದುವಾಗಿ ಬರೆಯಲು ನನ್ನಿಂದಾಗದು. ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಅದೇ ಪ್ರಾಂತದ ರಾಜಧಾನಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಕೆಲಸಕ್ಕೆ ಹೋಗುವ ಮುಂಚೆ ಕೂಸುಗಳಿಗೆ ಅಫೀಮಿನ ಬಾಲಗೋಳಿಯನ್ನು ಕೊಟ್ಟು ಮಲಗಿಸುತ್ತಿದ್ದರು. ಆ ಮಕ್ಕಳು ಅಳುತ್ತಿರಲಿಲ್ಲ. ಹಸಿವೆಯೂ ತಿಳಿಯದೆ ಮಲಗಿದ್ದು, ಸೊರಗುತ್ತಿದ್ದವು. ಆ ತಾಯಂದಿರನ್ನು ದೂಷಿಸುವವರು ಮೊಲೆಯೂಡಲು ಬಿಡುವು ಕೊಡದ ಗಿರಣಿಯ ಸಿಳ್ಳನ್ನು ಮೊದಲು ನೆನೆಯಬೇಕು. ನಮ್ಮ ಕಡೆ ಅಫೀಮಿನ ಸ್ಥಾನದಲ್ಲಿರುವುದು ಜಾಯಿಕಾಯಿ. ಅಡಿಕೆ ತೋಟದಲ್ಲಿ ಮೆಣಸು ಏಲಕ್ಕಿಗಳ ಜೊತೆಗೆ ಅದೂ ಬೆಳೆಯುತ್ತದೆ, ಮನೆಯಲ್ಲೇ ಇರುತ್ತದೆ, ಸಾಣೆಕಲ್ಲಿನ ಮೇಲೆ ಎರಡು ಸುತ್ತು ತೇಯ್ದರೆ ಸಾಕೆಂದು ಹೇಳುತ್ತಾರೆ. ಮನೆಯ ಬೆಳೆಯೆಂಬ ವಿಶ್ವಾಸದಿಂದಲೇ ಇದರ ಅಪಾಯ ಮರೆಯಾಗುತ್ತದೆ. ಜಾಯಿಕಾಯಿಯ ತೈಲದಲ್ಲಿ ಮಿರಿಸ್ಟಿಸಿನ್ ಎಂಬ, ಮಿದುಳನ್ನು ಮಂಕಾಗಿಸುವ ದ್ರವ್ಯವಿದೆ. ಒಂದು ಕಾಯಿಯಲ್ಲಿ ಇದ್ದಷ್ಟೇ ಇನ್ನೊಂದರಲ್ಲಿ ಇರುವುದಿಲ್ಲ. ಮೂರು ನಾಲ್ಕು ಕಿಲೋ ತೂಕದ ದೇಹಕ್ಕೆ ಎರಡು ಸುತ್ತು ಎಷ್ಟಾಯಿತೆಂದು ತೇಯುವವರಿಗೆ ತಿಳಿಯುವ ಉಪಾಯವೂ ಇಲ್ಲ. ಮಂಪರು ನಿದ್ರೆಯಲ್ಲ. ಮಂಪರಿನಲ್ಲಿರುವ ಮಗು ಹಾಲಿಗಾಗಿ ಏಳುವುದಿಲ್ಲ, ಉಸಿರಿಗೆ ತಡೆಯಾದಾಗ ಹೊರಳುವುದಿಲ್ಲ. ಅದೇ ಬಗೆಯಲ್ಲಿ, ಕಾಡುಜೇನಿಗೆ ಹೆಸರಾದ ಈ ಸೀಮೆಯಲ್ಲಿ ಹುಟ್ಟಿದ ಮಗುವಿನ ನಾಲಗೆಗೆ ಜೇನು ಸವರುವ ಆಚಾರವೂ ನಿಲ್ಲತಕ್ಕದ್ದು: ಜೇನಿನಲ್ಲಿ ಇರಬಹುದಾದ ಒಂದು ಬಗೆಯ ರೋಗಾಣುವಿನ ಬೀಜಗಳು ದೊಡ್ಡವರಿಗೆ ನಿರಪಾಯಕರವಾದರೂ, ವರ್ಷ ತುಂಬದ ಮಗುವಿನ ಕರುಳಿನಲ್ಲಿ ಮೊಳೆತು, ಸ್ನಾಯುಗಳನ್ನು ನಿಸ್ತೇಜಗೊಳಿಸುವ ವಿಷವನ್ನು ಹುಟ್ಟಿಸಬಲ್ಲವು.

ಹಳ್ಳಿಯ ಆಚಾರದ ದೋಷಗಳನ್ನು ಎಣಿಸುವಾಗ ಪಟ್ಟಣದ ವಿದ್ಯೆಯ ದೋಷಗಳನ್ನೂ ಎಣಿಸಬೇಕು. ೧೯೦೭ರಲ್ಲಿ ನ್ಯೂಜಿಲೆಂಡಿನಲ್ಲಿ ಶಿಶುರಕ್ಷಣೆಯ ಸಂಘವನ್ನು ಸ್ಥಾಪಿಸಿದ ಟ್ರೂಬಿ ಕಿಂಗ್ ಎಂಬ ವೈದ್ಯರು, ಮಗುವಿಗೆ ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿಯೇ ಹಾಲು ಕೊಡಬೇಕು, ರಾತ್ರಿ ಕೊಡಲೇಬಾರದು, ಅತ್ತರೆ ಎತ್ತಿಕೊಳ್ಳಬಾರದು ಎಂದು ಬೋಧಿಸಿದರು. ಶಿಶುಮರಣವನ್ನು ತಗ್ಗಿಸಲು ಶ್ರಮಿಸಿದ ಸದಾಶಯದ ಆ ವ್ಯಕ್ತಿಯ ಈ ನಿಯಮ ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಹರಡಿ ಎಷ್ಟೋ ತಾಯಂದಿರ ಹಾಲನ್ನು ಬತ್ತಿಸಿತು. ಇಂದು ಮಗುವಿಗೆ ಇಂತಿಷ್ಟು ವಾರದಲ್ಲಿ ರಾತ್ರಿಯಿಡೀ ಮಲಗುವುದನ್ನು ಕಲಿಸಿಕೊಡುವೆವೆಂದು ಮೊಬೈಲಿನಲ್ಲಿ ಉಪದೇಶಿಸುವವರು ಆ ಗಡಿಯಾರವನ್ನೇ ಹೊಸ ಚೌಕಟ್ಟಿನಲ್ಲಿ ಹಿಡಿದು ಬಂದಿದ್ದಾರೆ. ಡಬ್ಬದ ಹಾಲಿನ ಜಾಹೀರಾತನ್ನು ನಮ್ಮ ದೇಶದಲ್ಲಿ ೧೯೯೨ರ ಕಾಯಿದೆ ನಿಷೇಧಿಸಿದೆ. ಉಪದೇಶಕ್ಕೆ ಅಂಥ ಕಾಯಿದೆ ಇಲ್ಲ.

ಇವರೆಲ್ಲರಿಗಿಂತ ನಮ್ಮ ಹಳೆಯ ಬಾಳಂತನದ ಪದ್ಧತಿ ಒಂದು ಮುಖ್ಯವಾದ ವಿಷಯದಲ್ಲಿ ಹೆಚ್ಚು ತಿಳಿದಿತ್ತೆಂದು ಹೇಳಬೇಕು. ತವರಿನ ಕೋಣೆಯಲ್ಲಿ ತಾಯಿಯನ್ನೂ ಕೂಸನ್ನೂ ಒಟ್ಟಿಗೆ ಇರಿಸಿ, ನೀರು ಹೊತ್ತು ಅಡುಗೆ ಮಾಡುವ ಹೊಣೆಯಿಂದ ಅವಳನ್ನು ಬಿಡಿಸಿ, ಬೆಳಗ್ಗೆ ಎಣ್ಣೆನೀರು ಹಾಕಿ, ಮೆಣಸಿನ ಸಾರು, ತುಪ್ಪ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪಿನ ಊಟ ಕೊಟ್ಟು, ಹಗಲಲ್ಲಿ ಕೂಸು ಮಲಗಿದಾಗ ಅವಳೂ ಮಲಗಬಹುದೆಂಬ ಅನುಮತಿಯನ್ನು ಕೊಟ್ಟ ವ್ಯವಸ್ಥೆ ಅದು. ತುಂಡಾದ ಇರುಳಿಗೆ ಹಗಲಿನ ನಿದ್ರೆಯೇ ಪರಿಹಾರವೆಂಬುದನ್ನು ಅದು ಅರಿತಿತ್ತು. ಅದರೊಳಗಣ ಎರಡು ಕಟ್ಟುಗಳನ್ನು ಮಾತ್ರ ಸಡಿಲಿಸಬೇಕು. ಬಾಳಂತಿಗೆ ನೀರು ಕಡಮೆ ಕೊಡುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಹಾಲೂಡುವ ತಾಯಿಯನ್ನು ಬಾಯಾರಿಸುವುದು ಕ್ರೌರ್ಯ. ಇನ್ನೊಂದು, ಕತ್ತಲೆಯ ಕೋಣೆ. ಆಷಾಢ ಶ್ರಾವಣಗಳಲ್ಲಿ ದಪ್ಪ ಗೋಡೆಯ, ತಗ್ಗು ಸೂರಿನ ಮಲೆನಾಡಿನ ಮನೆಯೊಳಗೆ ನಡುಹಗಲಲ್ಲಿಯೂ ಸಂಜೆಯಂತಿರುತ್ತದೆ; ಅದರ ಮೇಲೆ ಕಿಟಕಿಯನ್ನೂ ಮುಚ್ಚಿ ಅಗ್ಗಿಷ್ಟಿಕೆಯ ಹೊಗೆ ತುಂಬಿದರೆ ಮಗುವಿಗೆ ಹಗಲೆಂಬುದು ತಿಳಿಯುವುದಾದರೂ ಹೇಗೆ? ಹಗಲಿನ ಬೆಳಕನ್ನು ಹೆಚ್ಚು ಕಂಡ ಎಳೆಯ ಮಕ್ಕಳು ರಾತ್ರಿ ಹೆಚ್ಚು ಚೆನ್ನಾಗಿ ಮಲಗುತ್ತಾರೆಂದು ಬ್ರಿಟನ್ನಿನ ಅಧ್ಯಯನವೊಂದು ಕಂಡುಕೊಂಡಿದೆ. ಮಳೆ ನಿಂತ ಹೊತ್ತಿನಲ್ಲಿ ಮಗುವನ್ನು ಜಗುಲಿಗೆ ತರುವುದು, ಇರುಳಿನ ಮೊಲೆಯೂಡಿಕೆಯನ್ನು ಮಂದವಾದ ದೀಪದಲ್ಲಿ, ಮಾತಿಲ್ಲದೆ ಮುಗಿಸುವುದು, ಇಷ್ಟೇ ಸಾಕಾದ ಶಿಕ್ಷಣ. ಮಲಗಿಸುವಾಗ ಅಂಗಾತವಾಗಿಯೇ ಮಲಗಿಸತಕ್ಕದ್ದು. ಚಳಿಯೆಂದು ಭಾರವಾದ ಕಂಬಳಿಯನ್ನು ಮುಖದ ತನಕ ಹೊದಿಸತಕ್ಕದ್ದಲ್ಲ.

ಆರನೆಯ ತಿಂಗಳಾದ ಮೇಲೆ ಮಣ್ಣಿಗೆ ಅದರ ಕಾಲ ಬರುತ್ತದೆ. ರಾಗಿಯ ಮಣ್ಣಿ, ಮಿದಿದ ಬಾಳೆಹಣ್ಣು, ತೊವ್ವೆ ತುಪ್ಪ ಕಲಸಿದ ಅನ್ನ, ನಾಮಧಾರಿಗಳ ಮತ್ತು ಸಿದ್ದಿಗಳ ಮನೆಗಳಲ್ಲಿ ಮೊಟ್ಟೆ, ಮೀನು, ಎಲ್ಲವೂ ಒಳ್ಳೆಯವೇ. ಇವು ನಿದ್ರೆಗಾಗಿ ಅಲ್ಲ, ಮುಖ್ಯವಾಗಿ ಕಬ್ಬಿಣಕ್ಕಾಗಿ. ಹುಟ್ಟುವಾಗ ಮಗು ತಂದ ಕಬ್ಬಿಣದ ದಾಸ್ತಾನು ಈ ಹೊತ್ತಿಗೆ ತೀರುತ್ತ ಬರುತ್ತದೆ, ಮತ್ತು ರಕ್ತಹೀನತೆಯುಳ್ಳ ಶಿಶುಗಳ ನಿದ್ರೆಯ ವಿನ್ಯಾಸವೇ ಬದಲಾಗುವುದನ್ನು ಚಿಲಿ ದೇಶದ ಸಂಶೋಧಕರು ಗುರುತಿಸಿದ್ದಾರೆ. ಆಮೇಲೆಯೂ ಮಗು ರಾತ್ರಿ ಏಳಬಹುದು. ಆರರಿಂದ ಹನ್ನೆರಡು ತಿಂಗಳ ಮಕ್ಕಳಲ್ಲಿ ನೂರಕ್ಕೆ ೭೮ರಷ್ಟು ರಾತ್ರಿಯಲ್ಲಿ ಒಮ್ಮೆಯಾದರೂ ಏಳುತ್ತಿದ್ದವೆಂದು, ಮೊಲೆಹಾಲಿನ ಮಕ್ಕಳಿಗೂ ಪುಡಿಹಾಲಿನ ಮಕ್ಕಳಿಗೂ ಈ ವಿಷಯದಲ್ಲಿ ಭೇದವಿರಲಿಲ್ಲವೆಂದು ೨೦೧೫ರ ಬ್ರಿಟನ್ನಿನ ಒಂದು ವರದಿ ಹೇಳುತ್ತದೆ.

ಭಯಪಡಬೇಕಾದದ್ದು ಏಳುವ ಮಗುವನ್ನು ಕಂಡಲ್ಲ. ಮೊದಲ ವಾರಗಳಲ್ಲಿ ಏಳದ ಮಗುವನ್ನು ಕಂಡು. ಹಗಲಿರುಳೂ ಮಲಗಿಯೇ ಇದ್ದು, ಎಬ್ಬಿಸಿದರೂ ಎರಡು ಗುಟುಕು ಕುಡಿದು ಮತ್ತೆ ಜಾರುವ, ಚರ್ಮ ಕಣ್ಣುಗಳು ಹಳದಿಗಟ್ಟಿದ, ಬಟ್ಟೆ ಒದ್ದೆಯಾಗುವುದು ಕಡಮೆಯಾದ ಮಗುವನ್ನು ‘ಎಷ್ಟು ಸೌಮ್ಯ’ ಎಂದು ಹೊಗಳುತ್ತ ಕೂರದೆ, ಅದೇ ದಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲೂಕು ಆಸ್ಪತ್ರೆಗೋ ಒಯ್ಯಬೇಕು.

ಇಷ್ಟು ಹೇಳಿದ ಮೇಲೆ, ಬಾಳಂತನದ ಕೋಣೆಯೇ ಇಲ್ಲದವರ ಮಾತನ್ನು ಹೇಳದೆ ಮುಗಿಸಲಾಗದು. ಮೇಲೆ ವರ್ಣಿಸಿದ ವಿಶ್ರಾಂತಿ ತೋಟವಿದ್ದವರ ಮನೆಯದು. ಅಡಿಕೆಯ ಕೊಯ್ಲು ಆರಂಭವಾದರೆ ಚಳಿಗಾಲದ ರಾತ್ರಿಗಳಲ್ಲಿ ಬಹಳ ಹೊತ್ತಿನವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವವರಲ್ಲಿ ಹೆಣ್ಣಾಳುಗಳೇ ಹೆಚ್ಚು. ಅವರಲ್ಲಿ ಎಳೆಗೂಸಿನ ತಾಯಂದಿರೂ ಇರುತ್ತಾರೆ. ಕೂಸು ಪಕ್ಕದಲ್ಲಿ ಸೀರೆಯ ಜೋಲಿಯಲ್ಲಿ ತೂಗುತ್ತಿರುತ್ತದೆ, ಇಲ್ಲವೆ ಮನೆಯಲ್ಲಿ ಅಜ್ಜಿಯ ಬಳಿ ಇದ್ದು ಹಾಲಿಗಾಗಿ ಅಳುತ್ತಿರುತ್ತದೆ. ಸುಲಿದ ಲೆಕ್ಕಕ್ಕೆ ಕೂಲಿ ಸಿಗುವಲ್ಲಿ ಮೊಲೆಯೂಡಲು ಎದ್ದ ಹತ್ತು ನಿಮಿಷ ಅವಳ ಗಂಟಿನಿಂದಲೇ ಕಳೆಯುತ್ತದೆ. ಯಲ್ಲಾಪುರದ ಕಾಡಂಚಿನ ಹಳ್ಳಿಗಳಲ್ಲಿ, ೨೦೦೩ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಸಿದ್ದಿ ಸಮುದಾಯದ ತಾಯಂದಿರಿಗೆ ೨೦೧೭ರ ಮಾತೃಪೂರ್ಣ ಯೋಜನೆಯ ಬಿಸಿಯೂಟ ಅಂಗನವಾಡಿಯಲ್ಲಿ ಸಿದ್ಧವಿದ್ದರೂ, ಮನೆಗಳು ಚದುರಿದ ಆ ನಾಡಿನಲ್ಲಿ ಕೂಸನ್ನು ಕಟ್ಟಿಕೊಂಡು ಹಳ್ಳ ದಾಟಿ ಅಲ್ಲಿಗೆ ನಡೆದು ಉಂಡು ಬರುವುದೇ ಒಂದು ದುಡಿಮೆ. ಕಚೇರಿಯಲ್ಲಿಯೂ ಕಾರ್ಖಾನೆಯಲ್ಲಿಯೂ ಕೆಲಸ ಮಾಡುವ ಹೆಂಗಸಿಗೆ ೧೯೬೧ರ ಹೆರಿಗೆ ಸೌಲಭ್ಯದ ಕಾಯಿದೆ ಹನ್ನೆರಡು ವಾರಗಳ ವೇತನಸಹಿತ ರಜೆಯನ್ನು ಕೊಟ್ಟಿತ್ತು. ೨೦೧೭ರ ತಿದ್ದುಪಡಿ ಅದನ್ನು ಇಪ್ಪತ್ತಾರು ವಾರಗಳಿಗೆ, ಎಂದರೆ ತಾಯಿಯ ಹಾಲೊಂದೇ ಸಾಕಾಗುವ ಆರು ತಿಂಗಳಿಗೆ ಸರಿಯಾಗಿ, ವಿಸ್ತರಿಸಿತು. ಸುಲಿಮನೆಯ ಹೆಣ್ಣಾಳಿಗೆ ಅದು ತಲುಪಿಲ್ಲ. ಅವಳನ್ನು ಕರೆಸಿಕೊಳ್ಳುವ ಮನೆಯವರು ಕಾಯಿದೆಗಾಗಿ ಕಾಯಬೇಕಾಗಿಯೂ ಇಲ್ಲ: ಎಳೆಗೂಸಿನ ತಾಯಿಗೆ ಇರುಳಿನ ಸುಲಿತವನ್ನು ತಪ್ಪಿಸಿ ಹಗಲಿನ ಕೆಲಸ ಕೊಡುವುದು, ಕೂಸನ್ನು ಜೊತೆಗೆ ತರಲು ಹೇಳಿ ಗಾಳಿ ಬೆಳಕಿರುವ ಒಂದು ಮೂಲೆಯನ್ನು ಬಿಟ್ಟುಕೊಡುವುದು, ಮೊಲೆಯೂಡಿದ ಹೊತ್ತಿಗೂ ಕೂಲಿ ಲೆಕ್ಕ ಹಿಡಿಯುವುದು, ಈ ಕೊಯ್ಲಿನಿಂದಲೇ ಸಾಧ್ಯ.